ಕೊನೆಯ ದಿನಾಂಕದ ದಮಯಂತಿ

ನೆರೂಳದ ನಮ್ಮ ಕಾಲೇಜಿನಲ್ಲಿ ಗೋಡೆಯ ಮೇಲಿನ ಸ್ಪೀಕರು ಟಿಂಗ್ ಟಾಂಗ್ ಎಂದರೆ ಸ್ಟಾಫ್‌ರೂಮಿನಲ್ಲಿ ಚಹಾದ ಕಪ್ಪುಗಳು ಅರ್ಧ ದಾರಿಯಲ್ಲೇ ನಿಲ್ಲುತ್ತಿದ್ದವು. ಪಿಎಚ್.ಡಿ. ಮಾಡಿದವರು, ಪುಸ್ತಕ ಬರೆದವರು, ಮಕ್ಕಳನ್ನು ಗದರಿಸಿ ಅಳಿಸುವವರು, ಎಲ್ಲರೂ ಮುಖ ಮೇಲೆತ್ತಿ ಆ ಕರಿ ಡಬ್ಬಿಯನ್ನೇ ನೋಡುತ್ತಿದ್ದರು. ಅದರಿಂದ ಬರುವುದು ಒಂದು ಹೆಣ್ಣುದನಿ, ಸ್ವಲ್ಪ ನಡುಗುವ ದನಿ. ಮೊದಲು ಮರಾಠಿ, ಆಮೇಲೆ ಇಂಗ್ಲಿಷು. ಪ್ರಶ್ನೆಪತ್ರಿಕೆ ಕೊಡಲು ಇಂದೇ ಕೊನೆಯ ದಿನ. ಆದಾಯ ತೆರಿಗೆಯ ಕಾಗದ ಕೊಡದವರ ಸಂಬಳ ತಡೆಹಿಡಿಯಲಾಗುವುದು. ಚುನಾವಣೆ ಡ್ಯೂಟಿಯ ತರಬೇತಿಗೆ ಹೋಗದವರ ಮೇಲೆ ಕ್ರಮ. ನಾನು ಜೀವಮಾನವಿಡೀ ಗಣಿತ ಕಲಿಸಿದವಳು. ಪ್ರಿನ್ಸಿಪಾಲರಿಗೆ ಹೆದರಿದವಳಲ್ಲ, ಗಂಡನಿಗಂತೂ ಅಲ್ಲವೇ ಅಲ್ಲ. ಆ ಸದ್ದಿಗೆ ಮಾತ್ರ ನನ್ನ ಎದೆಯೂ ಧಸಕ್ಕೆನ್ನುತ್ತಿತ್ತು.

ಆದರೆ ಇಡೀ ಕಾಲೇಜಿನಲ್ಲಿ ಆ ಸದ್ದಿಗೆ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವಳು ಅದನ್ನು ಮಾಡುತ್ತಿದ್ದವಳೇ.

ದಮಯಂತಿ ನಮ್ಮ ಆಫೀಸಿನ ಕ್ಲಾರ್ಕು. ಹಿರಿಯರ ಊರು ಕಾಪು ಕಡೆ, ಅವಳು ಹುಟ್ಟಿ ಬೆಳೆದದ್ದು ಠಾಣೆಯಲ್ಲಿ. ಗಂಡ ವಾಸು ನೌಪಾಡಾದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ನಾನು ಡೊಂಬಿವಲಿಯಿಂದ ಬಂದು ಠಾಣೆಯಲ್ಲಿ ನೆರೂಳದ ಲೋಕಲ್ ರೈಲಿಗೆ ಬದಲಾಯಿಸುತ್ತೇನೆ. ಅವಳು ಅಲ್ಲೇ ಹತ್ತುತ್ತಾಳೆ. ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಸೀಟು ಸಿಕ್ಕರೂ ಅವಳು ಹೊರಗೆ ನೋಡಿದ್ದನ್ನು ನಾನು ಕಂಡಿಲ್ಲ. ಆ ದಿನ ಓದಬೇಕಾದ ಸೂಚನೆಯನ್ನು ಮೊಬೈಲಿನಲ್ಲಿ ತೆಗೆದು ತುಟಿ ಅಲುಗಿಸುತ್ತಾ ಕೂತಿರುತ್ತಾಳೆ.

"ಯಾಕ ಹಿಂಗ ನಡಗಾಕತ್ತಿ? ನಿನಗೇನ ಫಾಶಿ ಕೊಡ್ತಾರ?" ಎಂದು ನಾನು ಗದರುತ್ತಿದ್ದೆ. ನಾನು ವಿಜಯಪುರದವಳು, ಗದರುವುದೇ ನನ್ನ ಪ್ರೀತಿ.

"ತಾರೀಕು ಎಲ್ಲಿಯಾದ್ರೂ ತಪ್ಪಿ ಹೇಳಿದ್ರೆ ಎಂತ ಮಾಡುದು ಮೇಡಂ? ಯಾರದ್ದೋ ಹೊಟ್ಟೆಗೆ ಹೊಡೆದ ಹಾಗೆ ಆಗ್ತದೆ," ಎನ್ನುವಳು.

ಈ ಹೆದರಿಕೆ ಅವಳಿಗೆ ಅಂಟಿದ್ದು ಚಿಕ್ಕಂದಿನಲ್ಲಿ. ಠಾಣೆಯಲ್ಲಿ ಅವರಿದ್ದ ಹಳೆಯ ಕಟ್ಟಡದ ಬಾಗಿಲಿಗೆ ಪಾಲಿಕೆಯವರು ಒಂದು ಕಾಗದ ಅಂಟಿಸಿದ್ದರಂತೆ. ಧೋಕಾದಾಯಕ ಇಮಾರತ್, ಅಂದರೆ ಅಪಾಯದ ಕಟ್ಟಡ. ಇಂಥ ದಿನದೊಳಗೆ ಖಾಲಿ ಮಾಡತಕ್ಕದ್ದು. ಅವಳ ಅಪ್ಪ ಹೋಟೆಲಿನಲ್ಲಿ ಅಡುಗೆ ಮಾಡುವವರು, ಮರಾಠಿ ಮಾತಾಡಿದರೆ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಮಳೆಗಾಲ ಬಂದಾಗಲೆಲ್ಲ ಅಂಟಿಸುತ್ತಾರೆ, ಮಾಡಲು ಬೇರೆ ಕೆಲಸವಿಲ್ಲ ಎಂದು ಸುಮ್ಮನಿದ್ದರು. ಆ ಸಲದ ಕಾಗದ ಹಾಗಿರಲಿಲ್ಲ. ಒಂದು ಬೆಳಿಗ್ಗೆ ನೀರು ನಿಂತಿತು, ಕರೆಂಟು ಹೋಯಿತು, ಪೊಲೀಸರು ಲಾಠಿಯಿಂದ ಬಾಗಿಲು ಬಡಿದರು. ಅವಳ ಅಮ್ಮ ಅರ್ಧ ಬೆಂದ ಅನ್ನದ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಮೆಟ್ಟಿಲು ಇಳಿದರು. ಎದುರುಮನೆಯವರು ಮೊದಲೇ ಸಾಮಾನು ಸಾಗಿಸಿದ್ದರು, ಅವರಿಗೆ ಓದಲು ಬರುತ್ತಿತ್ತು. ಕಟ್ಟಡ ಆ ಮಳೆಗಾಲದಲ್ಲಿ ಬೀಳಲಿಲ್ಲ, ಅದರ ಮುಂದಿನ ಮಳೆಗಾಲದಲ್ಲೂ ಬೀಳಲಿಲ್ಲ. ಆದರೆ ಆ ಮನೆಗೆ ಇವರು ಮತ್ತೆ ಕಾಲಿಡಲಿಲ್ಲ. ಅಂಟಿಸಿದ ಕಾಗದ ಕಂಡರೆ, ಅದು ಬಟ್ಟೆ ಅಂಗಡಿಯ ಸೇಲ್‌ದಾದರೂ ಸರಿ, ಅವಳು ನಿಂತು ಕೊನೆಯ ಅಕ್ಷರದವರೆಗೂ ಓದುತ್ತಾಳೆ.

ಅಂಥವಳಿಗೇ ಕಾಲೇಜಿನವರು ಮೈಕು ಕೊಟ್ಟರು. ದೇವರಿಗೂ ತಮಾಷೆ ಬೇಕು ನೋಡಿ. ಸೂಚನೆಯನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಓದಿ, ಒಂದು ಗುಟುಕು ನೀರು ಕುಡಿದು, ಕಟೀಲಿನ ಅಮ್ಮನ ಹೆಸರು ಹೇಳಿ, ಆಮೇಲೆ ಬಟನ್ ಒತ್ತುವಳು. ಹೇಳಿದ ಮೇಲಾದರೂ ಸಮಾಧಾನವುಂಟೇ? ಲೈಬ್ರರಿಗೆ ಹೋಗಿ, ಲ್ಯಾಬಿಗೆ ಹೋಗಿ, "ಕೇಳಿತಾ? ಸರಿ ಕೇಳಿತಾ?" ಎಂದು ಎಲ್ಲರನ್ನೂ ವಿಚಾರಿಸುವಳು. ಹುಡುಗ ಲೆಕ್ಚರರುಗಳು ಅವಳ ಬೆನ್ನ ಹಿಂದೆ ಟಿಂಗ್ ಟಾಂಗ್ ಎಂದು ಅಣಕಿಸುತ್ತಿದ್ದರು. ಹಾಗೆ ಅಣಕಿಸಿದ ಒಬ್ಬನ ಚಳಿ ಬಿಡಿಸಿದ್ದೇನೆ, ಆ ವಿಷಯ ಈಗ ಬೇಡ.

ಇನ್ನು ಹುಲಗಪ್ಪ. ರಾಯಚೂರು ಕಡೆಯವನು. ಮೈದಾನಕ್ಕೆ ನೀರು ಬಿಡುವುದು, ನೀರಿನ ಟಾಕಿ ತೊಳೆಯುವುದು, ಕುರ್ಚಿ ಬೆಂಚು ಹೊರುವುದು, ಹೆಸರಿಲ್ಲದ ಕೆಲಸಗಳೆಲ್ಲ ಅವನವು. ಬಹಳ ವರ್ಷಗಳಿಂದ ಹಂಗಾಮಿ. ಹೆಂಡತಿ ಚಂದ್ರಬಾಯಿಯೊಂದಿಗೆ ಠಾಣೆಯ ಪಕ್ಕ ಕಳವಾ ಎಂಬಲ್ಲಿ ಗುಡ್ಡದ ಮೇಲಿನ ಒಂದು ಖೋಲಿಯಲ್ಲಿ ಇರುತ್ತಾನೆ. ಭಾಷೆಯ ಲೆಕ್ಕದಲ್ಲಿ ಅವನು ನನಗೆ ಹತ್ತಿರದವನು, ಆದರೆ ನನ್ನ ಬಳಿ ಬರುತ್ತಿರಲಿಲ್ಲ. ಒಮ್ಮೆ ನಾನು ಪಾಠ ಮಾಡುವಾಗ ಕಿಟಕಿಯ ಹೊರಗೆ ಯಾರನ್ನೋ ಜೋರಾಗಿ ಕೂಗಿದ್ದಕ್ಕೆ ಬೈದಿದ್ದೆ. ಅಂದಿನಿಂದ ನನ್ನನ್ನು ಕಂಡರೆ ಪೈಪು ಅಲ್ಲೇ ಬಿಟ್ಟು ಮರೆಯಾಗುತ್ತಿದ್ದ. ಏನಿದ್ದರೂ ದಮಯಂತಿಯನ್ನೇ ಕೇಳುವನು. ಅವಳ "ಎಂತ", "ಉಂಟು" ಅವನಿಗೆ ಅರ್ಧ ತಿಳಿಯುತ್ತಿತ್ತು, ಅವನ "ಹೊಂಟೀನ್ರಿ" ಅವಳಿಗೆ ಅರ್ಧ. ಉಳಿದ ಅರ್ಧಕ್ಕೆ ಇಬ್ಬರೂ ಮರಾಠಿ ಸೇರಿಸುತ್ತಿದ್ದರು. ಕೇಳಲು ಬಲು ಮಜವಾಗಿರುತ್ತಿತ್ತು.

ಆ ವಾರದ ಸೂಚನೆಗೆ ಮಾತ್ರ ಯಾರೂ ನಗಲಿಲ್ಲ. ನಮ್ಮ ಕಾಲೇಜು ನಡೆಸುವ ಟ್ರಸ್ಟಿನವರು ಹಳೆಯ ಹಂಗಾಮಿ ನೌಕರರನ್ನು ಕಾಯಂ ಮಾಡಲು ಒಪ್ಪಿದ್ದರು. ಶುಕ್ರವಾರ ಸಂಜೆಯೊಳಗೆ ಸಮಿತಿಯ ಮುಂದೆ ಖುದ್ದಾಗಿ ಬಂದು ಸಹಿ ಮಾಡಿದವರು ಕಾಯಂ. ಬಾರದವರಿಗೆ ಇಷ್ಟವಿಲ್ಲವೆಂದು ತಿಳಿದು ಅವರನ್ನು ಕಂತ್ರಾಟುದಾರನ ಕೈಗೆ ಕೊಡಲಾಗುವುದು. ಕಂತ್ರಾಟುದಾರ ಅಂದರೆ ಇವತ್ತು ಇಲ್ಲಿ, ನಾಳೆ ಭಿವಂಡಿಯ ಯಾವುದೋ ಗೋದಾಮಿನಲ್ಲಿ, ನಾಡಿದ್ದು ಮನೆಯಲ್ಲಿ. ಇದು ಎಲ್ಲರಿಗೂ ಗೊತ್ತಿತ್ತು.

ಬುಧವಾರ ಹುಲಗಪ್ಪ ಕೆಲಸಕ್ಕೆ ಬಂದಿರಲಿಲ್ಲ. ಮಧ್ಯಾಹ್ನ ದಮಯಂತಿಗೆ ಫೋನು ಮಾಡಿದ. ಹಿಂದೆ ರೈಲಿನ ಗದ್ದಲ, ಇತ್ತ ಆಫೀಸಿನಲ್ಲಿ ಫೀ ಕಟ್ಟುವ ಮಕ್ಕಳ ಗದ್ದಲ. ಸಹಿ ಯಾವಾಗ ಮಾಡಬೇಕು, ಎಲ್ಲಿ ಬರಬೇಕು ಎಂದು ಅವನು ಕೇಳಿದಂತೆ ಅವಳಿಗೆ ಕೇಳಿಸಿತು. ಅವಳ ಬಾಯಲ್ಲಿ ನಾಡಿದ್ದು ಎಂಬ ಮಾತು ಬರುವುದು ನನ್ನೊಂದಿಗೆ ಮಾತ್ರ. ಮನೆಯಲ್ಲಿ ತುಳು, ಅಲ್ಲಿ ಅದು ಎಲ್ಲಂಜಿ. ಕಾಲೇಜಿನಲ್ಲಿ ಮರಾಠಿ, ಇಲ್ಲಿ ಅದು ಪರವಾ. "ಪರವಾ, ಇಲ್ಲೇ, ಇಲ್ಲೇ ಬರ್ಬೇಕು," ಎಂದು ಕೂಗಿ ಹೇಳಿದಳು. "ಆತ್ರಿ ಅಕ್ಕಾರ, ಆತ್ರಿ," ಎಂದು ಅವನು ಖುಷಿಯಿಂದ ಫೋನು ಇಟ್ಟ. ಒಂದು ಕೆಲಸವಾದರೂ ಸರಿಯಾಯಿತೆಂದು ಅವಳಿಗೂ ಸಮಾಧಾನ.

ಶುಕ್ರವಾರ ಬೆಳಿಗ್ಗೆ ನಾವು ಗೇಟಿನೊಳಗೆ ಬಂದಾಗ ಮೈದಾನ ಒಣಗಿತ್ತು. ಪೈಪು ಸುರುಳಿ ಸುತ್ತಿ ಗೋಡೆಗೆ ನೇತುಹಾಕಿದಂತೆಯೇ ಇತ್ತು. ದಮಯಂತಿ ಅಲ್ಲೇ ನಿಂತಳು.

"ಬರ್ತಾನ ಬಿಡು," ಎಂದೆ. "ಹೊಸ ಅಂಗಿ ಹಾಕ್ಕೊಂಡು, ಎಣ್ಣಿ ಹಚ್ಕೊಂಡು ಬರಾಕ ತಡ ಆಗಿರಬೇಕು."

ಅವಳು ಫೋನು ಮಾಡಿದಳು. ಬಂದ್ ಆಗಿತ್ತು. ಮತ್ತೆ ಮಾಡಿದಳು. ಉಳಿದ ಹಂಗಾಮಿಗಳು ಒಬ್ಬೊಬ್ಬರಾಗಿ ಬಂದು ಮೆಟ್ಟಿಲ ಮೇಲೆ ಸಾಲಾಗಿ ಕೂತರು, ಆಸ್ಪತ್ರೆಗೆ ಬಂದವರ ಮುಖ ಹೊತ್ತು. ದಮಯಂತಿ ಹುಲಗಪ್ಪನ ಹೆಸರನ್ನು ಮೈಕಿನಲ್ಲಿ ಕರೆದಳು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಕರೆದಳು. ಆ ಹೆಸರು ಖಾಲಿ ಮೈದಾನದ ಮೇಲೆ ಹೋಗಿ ಎದುರಿನ ಹಾಸ್ಟೆಲಿನ ಗೋಡೆಗೆ ಬಡಿದು ವಾಪಸ್ಸು ಬರುವುದನ್ನು ನಾನು ಕ್ಲಾಸಿನಿಂದ ಕೇಳುತ್ತಿದ್ದೆ. ಬೋರ್ಡಿನ ಮೇಲೆ ಬರೆದ ಲೆಕ್ಕ ಅರ್ಧಕ್ಕೆ ನಿಂತಿತು. ಮಕ್ಕಳು ಏನಾಯಿತು ಮಿಸ್ ಎಂದು ಕೇಳಿದರು.

ಕ್ಲಾಸು ಮುಗಿಸಿ ಬಂದಾಗ ಅವಳು ಚಂದ್ರಬಾಯಿಯ ನಂಬರಿಗೆ ಫೋನು ಹಚ್ಚಿದ್ದಳು. ನನಗೂ ಕೇಳಲೆಂದು ಮೇಜಿನ ಮೇಲೆ ಇಟ್ಟು ಸ್ಪೀಕರ್ ಒತ್ತಿದಳು. ಆ ಕಡೆಯಿಂದ ಚಂದ್ರಬಾಯಿಯ ದನಿ ನಿಶ್ಚಿಂತೆಯಾಗಿ ಬಂತು.

"ಬುಧವಾರನ ಊರಿಗಿ ಹೋಗ್ಯಾರ್ರಿ ಅಕ್ಕಾರ. ನಮ್ಮತ್ತಿ ಕಣ್ಣಿನ ಆಪರೇಷನ್ ಐತ್ರಿ ಇವತ್ತ. ಕಲ್ಯಾಣ ಸ್ಟೇಷನ್‌ದಾಗ ನಿಂತು, ಊರಿಗಿ ಹೋಗಿ ಬಂದು ಸಹಿ ಮಾಡಿದ್ರ ನಡೀತೈತೇನ್ರಿ ಅಂತ ನಿಮಗ ಕೇಳ್ಯಾರಲ್ರಿ. ನೀವ ಪರವಾಯಿಲ್ಲ ಅಂದಿರಂತ. ಪರವಾಯಿಲ್ಲೇ, ಪರವಾಯಿಲ್ಲೇ ಅಂತ ಎರಡ ಸಲ ಅಂದ್ರು, ಅಕ್ಕಾರ ಭಾಳ ಚಲೋ ಮಂದಿ ಅಂತ ನನಗ ಹೇಳೇ ಗಾಡಿ ಹತ್ತ್ಯಾರ."

ದಮಯಂತಿ ಹೇಳಿದ್ದು ಮರಾಠಿಯ ಪರವಾ, ನಾಡಿದ್ದು ಇಲ್ಲೇ ಬರಬೇಕು ಎಂದು. ಅವನು ಕೇಳಿಸಿಕೊಂಡದ್ದು ಕನ್ನಡದ ಪರವಾಯಿಲ್ಲ. ಹೋಗು, ಚಿಂತೆಯಿಲ್ಲ ಎಂದು. ಮರಾಠಿಯವರ ನಡುವೆ ಈ ತಪ್ಪು ಆಗುವುದಿಲ್ಲ, ಊರಿನ ಕನ್ನಡದವರ ನಡುವೆಯೂ ಆಗುವುದಿಲ್ಲ. ನಮ್ಮಂಥವರ ನಡುವೆ ಮಾತ್ರ ಆಗಬೇಕು.

ನಾನೇ ಫೋನು ಎತ್ತಿಕೊಂಡು ಚಂದ್ರಬಾಯಿಗೆ ವಿಷಯ ತಿಳಿಸಿದೆ. ಆ ಕಡೆಯಿಂದ "ಅಯ್ಯಯ್ಯ, ನಮ್ಮವ್ವ!" ಎಂದು ಒಂದು ಕೂಗು. ಗಂಡನ ಫೋನಿನ ಬ್ಯಾಟರಿ ಕೆಟ್ಟಿದೆ, ಊರಿನ ಪಕ್ಕದ ಮನೆಯವರಿಗೆ ಹೇಳಿ ಕರೆಸುತ್ತೇನೆ ಎಂದು ಅಳುತ್ತಲೇ ಅಂದಳು. ಕರೆಸಿದರೂ ರಾಯಚೂರಿನಿಂದ ಸಂಜೆಯೊಳಗೆ ಹಾರಿ ಬರಲು ಅವನೇನು ಹಕ್ಕಿಯೇ?

"ನಾನು ಕೊಂದೆ ಮೇಡಂ," ಎಂದಳು ದಮಯಂತಿ. "ಅವನ ಅನ್ನ ನಾನು ಕಸ್ಕೊಂಡೆ."

"ಹುಚ್ಚಿ, ಬಾಯಿ ಮುಚ್ಚು. ಸಮಿತಿಯೊಳಗ ನಾ ಇದ್ದೀನಿ. ಕೇಳಿ ನೋಡ್ತೀನಿ."

ಗದರಿದೆನಾದರೂ ನನಗೂ ನಂಬಿಕೆಯಿರಲಿಲ್ಲ. ನನ್ನನ್ನು ಆ ಸಮಿತಿಗೆ ಹಾಕಿದ್ದು ನಾನು ಹೊರಗಿದ್ದರೆ ಜಗಳ ತೆಗೆಯುತ್ತೇನೆಂದು, ನನ್ನ ಮಾತು ನಡೆಯುತ್ತದೆಂದಲ್ಲ. ಸಮಿತಿಯಲ್ಲಿ ನಾನು, ಪ್ರಿನ್ಸಿಪಾಲರು, ಟ್ರಸ್ಟ್ ಕಚೇರಿಯಿಂದ ಬಂದ ಕಶ್ಯಪ. ಕಶ್ಯಪ ನುಣ್ಣಗಿನ ಮನುಷ್ಯ. ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ, ಒಮ್ಮೆ ಅಂದದ್ದನ್ನು ಬದಲಾಯಿಸಿದ್ದನ್ನೂ ಯಾರೂ ಕಂಡಿಲ್ಲ.

ಮಧ್ಯಾಹ್ನ ಸಮಿತಿ ಕೂತಿತು. ಮೆಟ್ಟಿಲ ಮೇಲಿದ್ದವರು ಒಬ್ಬೊಬ್ಬರೇ ಬಂದು, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಸಹಿ ಮಾಡಿ ಹೋದರು. ಸಾಲು ಕರಗಿದ ಮೇಲೆ ನಾನು ಹುಲಗಪ್ಪನ ವಿಷಯ ತೆಗೆದೆ. ತಾಯಿಯ ಆಪರೇಷನ್, ಮಾತಿನ ತಪ್ಪು, ಸೋಮವಾರದವರೆಗೆ ಸಮಯ ಕೊಡಿ ಎಂದು, ನನ್ನ ಬಾಯಿಂದ ಯಾವತ್ತೂ ಬಾರದಷ್ಟು ಮೃದುವಾಗಿ ಕೇಳಿದೆ. ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ನೋಡುತ್ತಿದ್ದರು.

"ಡೇಟ್ ಮತ್‌ಲಬ್ ಡೇಟ್, ಮೇಡಂ," ಎಂದ ಕಶ್ಯಪ, ನಗುತ್ತಲೇ. ದಿನಾಂಕ ಅಂದರೆ ದಿನಾಂಕ, ಒಬ್ಬನಿಗೆ ಬಿಟ್ಟರೆ ನಾಳೆ ಎಲ್ಲರಿಗೂ ಬಿಡಬೇಕಾಗುತ್ತದೆ, ಟ್ರಸ್ಟಿನ ಅಧ್ಯಕ್ಷರಿಗೆ ಏನು ಹೇಳಲಿ ಎಂದ.

ಅಷ್ಟರಲ್ಲಿ ಪ್ರಿನ್ಸಿಪಾಲರು ಅಧ್ಯಕ್ಷರ ಮನೆಯಿಂದ ಯಾವುದೋ ಫೋನು ಬಂತೆಂದು ಮೇಲಿನ ಮಹಡಿಯ ತಮ್ಮ ಕೋಣೆಗೆ ಹೋದರು. ನಾನು ನೀರು ಕುಡಿಯುವ ನೆವದಲ್ಲಿ ಕೆಳಗಿನ ಆಫೀಸಿಗೆ ಇಳಿದೆ. ದಮಯಂತಿ ಮೈಕಿನ ಪಕ್ಕ ಕೂತಿದ್ದಳು, ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು. ಆಗಲಿಲ್ಲ ಎಂದು ತಲೆಯಾಡಿಸಿದೆ.

"ಸೋಮವಾರ ತನಕ ಸಿಕ್ಕಿದ್ರೆ ಸಾಕಿತ್ತಲ್ಲ ಮೇಡಂ?"

"ಸಾಕಿತ್ತು."

ನಾನು ವಾಪಸ್ಸು ಹೋಗಿ ಕಶ್ಯಪನ ಎದುರು ಕೂತೆ. ಅವನು ಗಡಿಯಾರ ನೋಡಿ, ಬಂದವರ ಹೆಸರುಗಳ ಕೆಳಗೆ ಗೆರೆ ಎಳೆಯಲು ಪೆನ್ನು ತೆಗೆದ.

ಆಗ ಟಿಂಗ್ ಟಾಂಗ್ ಎಂದಿತು.

"ಕಾಯಂ ನೇಮಕದ ಸಹಿಗೆ ಇದ್ದ ಕೊನೆಯ ದಿನವನ್ನು ಸೋಮವಾರ ಮಧ್ಯಾಹ್ನದವರೆಗೆ ಮುಂದೂಡಲಾಗಿದೆ. ಬಾಕಿ ಉಳಿದವರು ಸೋಮವಾರ ಬಂದು ಸಹಿ ಮಾಡಬಹುದು." ಮೊದಲು ಮರಾಠಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಎಂದಿನಂತೆಯೇ.

ಎಂದಿನಂತೆ ಇಲ್ಲದ್ದು ಒಂದೇ. ಆ ದನಿ ನಡುಗಲಿಲ್ಲ. ಅದಕ್ಕೇ ನನಗೆ ಜೀವ ಬಾಯಿಗೆ ಬಂತು. ಅವಳಿಗೆ ಹಾಗೆಂದು ಯಾರೂ ಹೇಳಿಲ್ಲ, ಹೇಳಬೇಕಾದವರು ಇಲ್ಲೇ ನನ್ನ ಎದುರು ಕೂತಿದ್ದಾರೆ. ಕಶ್ಯಪ ತಲೆಯೆತ್ತಿ ಸ್ಪೀಕರನ್ನು ನೋಡಿದ, ಆಮೇಲೆ ನನ್ನನ್ನು. ನಾನು ಕಿಟಕಿಯನ್ನು ನೋಡಿದೆ. ಈಗ ಎದ್ದು ಕೆಳಗೆ ಹೋಗುತ್ತಾನೆ, ಈಗ 'ಯಾರು ಹೇಳಿದ್ದು' ಎನ್ನುತ್ತಾನೆ, ಈಗ ಅವಳ ಕೆಲಸ ಹೋಗುತ್ತದೆ.

ಬಾಗಿಲು ತೆರೆಯಿತು. ಪ್ರಿನ್ಸಿಪಾಲರು ಒಳಗೆ ಬಂದರು, ಮುಖದ ತುಂಬ ನಗು.

"ಒಳ್ಳೆಯದಾಯಿತು ಕಶ್ಯಪ್ ಸಾಹೇಬರೇ. ಕೊನೆಗೂ ನಮ್ಮ ಮೇಡಂ ಮಾತಿಗೆ ಬೆಲೆ ಕೊಟ್ಟಿರಿ," ಎಂದರು.

ಕಶ್ಯಪನ ಮುಖದಲ್ಲಿ ಆದ ಬದಲಾವಣೆಯನ್ನು ನಾನು ಸಾಯುವತನಕ ಮರೆಯುವುದಿಲ್ಲ. ಪ್ರಿನ್ಸಿಪಾಲರು ಮೇಲೆ ಹೋಗಿದ್ದು ಅಧ್ಯಕ್ಷರ ಫೋನಿಗೆ. ಅಲ್ಲಿಂದಲೇ ತನ್ನನ್ನು ದಾಟಿ ಹುಕುಂ ತಂದು, ಈಗ ಮರ್ಯಾದೆಗಾಗಿ ತನಗೆ ಹೊಗಳಿಕೆ ಕೊಡುತ್ತಿದ್ದಾರೆ ಎಂದು ಅವನು ತಿಳಿದ. ಪ್ರಿನ್ಸಿಪಾಲರೋ, ಕಶ್ಯಪನೇ ಮನಸ್ಸು ಬದಲಾಯಿಸಿ ಹೇಳಿಸಿದನೆಂದು ತಿಳಿದರು. ತನಗೆ ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ಹಾಂ ಹಾಂ, ಸ್ಟಾಫ್ ಕೆ ಲಿಯೇ ಇತನಾ ತೋ ಕರನಾ ಪಡತಾ ಹೈ," ನೌಕರರಿಗಾಗಿ ಇಷ್ಟಾದರೂ ಮಾಡಬೇಕಾಗುತ್ತದೆ, ಎಂದು ಕಶ್ಯಪ ಪೆನ್ನು ಮುಚ್ಚಿದ.

ಕೆಳಗೆ ಓಡಿದೆ. ದಮಯಂತಿ ಬಾತ್‌ರೂಮಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಮುಖಕ್ಕೆ ನೀರು ಹೊಡೆದು ಗೋಡೆಗೆ ಒರಗಿಸಿ ಕೂರಿಸಿದೆ. ಕೈಕಾಲು ಮಂಜುಗಡ್ಡೆ. "ಪೊಲೀಸಿಗೆ ಕೊಡ್ತಾರಾ ಮೇಡಂ?" ಎಂದು ಕೇಳಿದಳು. ನಾನು ಸೆರಗಿನಿಂದ ಅವಳ ಮುಖ ಒರೆಸಿದೆ.

ಆ ಶನಿವಾರ, ಭಾನುವಾರ ನಾವಿಬ್ಬರೂ ಬದುಕಿದ್ದು ಹೇಗೆಂದು ಕೇಳಬೇಡಿ. ಅವಳು ಅನ್ನ ಮುಟ್ಟಲಿಲ್ಲವೆಂದೂ, ಕೆಳಗೆ ಯಾವ ಗಾಡಿ ನಿಂತರೂ ಕಿಟಕಿಗೆ ಹೋಗಿ ನೋಡುತ್ತಾಳೆಂದೂ ವಾಸು ನನಗೆ ಫೋನು ಮಾಡಿ ಹೇಳಿ, "ಕಾಲೇಜಿನಲ್ಲಿ ಎಂತ ಆಯ್ತು ಮೇಡಂ, ಇವಳು ಬಾಯಿ ಬಿಡುದಿಲ್ಲ," ಎಂದರು. ಪರೀಕ್ಷೆಯ ಕೆಲಸ ಜಾಸ್ತಿ ಎಂದು ಸುಳ್ಳು ಹೇಳಿದೆ. ನನ್ನ ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದೆ. ಹೆದರಿಕೆ ಒಂದೇ ಕಡೆಯದಾಗಿದ್ದರೆ ತಡೆಯಬಹುದಿತ್ತು. ಅವಳು ಸಿಕ್ಕಿಬೀಳುತ್ತಾಳೆಂಬುದು ಒಂದು. ಹುಲಗಪ್ಪ ಬರುವುದೇ ಇಲ್ಲ, ಗಾಡಿ ತಪ್ಪುತ್ತದೆ, ಸೋಲಾಪುರದಲ್ಲಿ ನಿಂತುಬಿಡುತ್ತದೆ, ಅವಳು ಮಾಡಿದ್ದೆಲ್ಲ ನೀರುಪಾಲಾಗುತ್ತದೆ ಎಂಬುದು ಇನ್ನೊಂದು. ಚಂದ್ರಬಾಯಿಗೆ ಸೋಮವಾರದ ವಿಷಯ ತಿಳಿಸಿದ ಮೇಲೂ ಫೋನು ಮಾಡಿ ಮಾಡಿ ನಾನು ಅವಳ ತಲೆ ತಿಂದೆ. ಹೊರಟಿದ್ದಾರೆ ಎಂಬುದರ ಹೊರತು ಅವಳಿಗೂ ಏನೂ ಗೊತ್ತಿರಲಿಲ್ಲ.

ಸೋಮವಾರ ಅವನು ಬಂದ. ಕಲ್ಯಾಣದಲ್ಲಿ ಇಳಿದು ನೇರ ಕಾಲೇಜಿಗೇ ಬಂದಿದ್ದ, ಕೈಯಲ್ಲಿ ಚೀಲ, ಕಣ್ಣು ಕೆಂಪು. ಡೇಟು ಮುಂದೆ ಹೋಗಿದೆ ಎಂದಷ್ಟೇ ಅವನಿಗೆ ಗೊತ್ತು. ನನ್ನನ್ನು ಕಂಡು ಮರೆಯಾಗಲು ನೋಡಿದ. ತೋಳು ಹಿಡಿದು ಎಳೆದುಕೊಂಡು ಹೋದೆ. ಸಮಿತಿಯ ಮುಂದೆ ಅವನ ಕೆಲಸ ಒಂದು ಸಹಿ, ಹೆಬ್ಬೆಟ್ಟಿನ ಒಂದು ಗುರುತು. ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತು. ಇಷ್ಟಕ್ಕಾಗಿ ನಾವು ಸತ್ತು ಬದುಕಿದ್ದೆವು. ಅವನಂತೆಯೇ ತಪ್ಪಿಸಿಕೊಂಡಿದ್ದ ಇನ್ನೂ ಇಬ್ಬರು ಬಂದು ಸಹಿ ಮಾಡಿದರು.

ಅವರೆಲ್ಲ ಹೋದ ಮೇಲೆ ಕಶ್ಯಪ ಫೈಲು ಜೋಡಿಸುತ್ತಾ ಪ್ರಿನ್ಸಿಪಾಲರಿಗೆ, "ಡೇಟು ಮುಂದೂಡಲು ಅಧ್ಯಕ್ಷರು ಅಂದರಲ್ಲ, ಅದನ್ನು ಎರಡು ಸಾಲಿನಲ್ಲಿ ಬರೆದುಕೊಡಿ, ಫೈಲಿಗೆ ಬೇಕು," ಎಂದ.

"ಅಧ್ಯಕ್ಷರು? ನೀವಲ್ಲವೇ ಹೇಳಿಸಿದ್ದು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಇಬ್ಬರೂ ಒಟ್ಟಿಗೆ ಗೋಡೆಯ ಮೇಲಿನ ಡಬ್ಬಿಯನ್ನು. ಪ್ರಿನ್ಸಿಪಾಲರು ಬೆಲ್ಲು ಒತ್ತಿ ದಮಯಂತಿಯನ್ನು ಕರೆಸಿದರು.

ಅವಳು ಬಂದು ನಿಂತಳು. ಕುರ್ಚಿಯ ಬೆನ್ನು ಹಿಡಿದಿದ್ದಳು. ಯಾವುದೋ ಫೋನು ಬಂತು, ಯಾರದೋ ದನಿ ಹೇಳಿತು ಎಂದುಬಿಡು, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಶುಕ್ರವಾರದ ಸೂಚನೆ ಯಾರು ಕೊಟ್ಟದ್ದೆಂದು ಪ್ರಿನ್ಸಿಪಾಲರು ಕೇಳಿದರು.

"ಕೋಣೀ ನಾಹಿ ಸರ್. ಮೀಚ್ ಸಾಂಗಿತ್ಲ," ಎಂದಳು. ಯಾರೂ ಕೊಡಲಿಲ್ಲ, ನಾನೇ ಹೇಳಿದೆ. ತನ್ನ ಮಾತು ತಪ್ಪಿ ಒಬ್ಬನ ಕೆಲಸ ಹೋಗುತ್ತಿತ್ತು, ಅದನ್ನು ಹಾಗೆ ಬಿಡಲಾಗಲಿಲ್ಲ ಎಂದೂ ಹೇಳಿದಳು. ನಡುಗುತ್ತಲೇ ಹೇಳಿದಳು, ಆದರೆ ಪೂರ್ತಿ ಹೇಳಿದಳು.

ಕಶ್ಯಪ ಹುಲಗಪ್ಪನ ಸಹಿಯ ಹಾಳೆಯನ್ನು ಮೆಲ್ಲಗೆ ಹೊರಗೆಳೆದ. ಮುಗಿಯಿತು ಎಂದುಕೊಂಡೆ. ಆ ಹಾಳೆ ಹರಿದರೆ ಇವಳೂ ಹೋದಳು, ಅವನೂ ಹೋದ. ಆಮೇಲೆ ನನ್ನ ಬಾಯಿಯನ್ನು ನನಗೆ ತಡೆಯಲಾಗಲಿಲ್ಲ.

"ರದ್ದು ಮಾಡಿ," ಎಂದೆ. "ಆದರೆ ಯಾಕೆ ರದ್ದು ಎಂದು ಅಧ್ಯಕ್ಷರಿಗೆ ಹೇಳಬೇಕಾಗುತ್ತದೆ. ಒಬ್ಬ ಕ್ಲಾರ್ಕು ಮೈಕಿನಲ್ಲಿ ಹೇಳಿದ್ದನ್ನು ನೀವಿಬ್ಬರೂ ವಿಚಾರಿಸದೆ ಸಮಿತಿಯ ನಿರ್ಧಾರವೆಂದು ಒಪ್ಪಿಕೊಂಡಿರಿ, ನಾನು ಸಾಕ್ಷಿ, ಎಂದು ಅದನ್ನೂ ಹೇಳಬೇಕಾಗುತ್ತದೆ."

ಕಶ್ಯಪನ ನುಣುಪು ಮೊದಲ ಸಲ ಕದಡಿತು. ಡೇಟು ಮುಂದೂಡಿದ್ದಕ್ಕೆ ತನ್ನ ಒಪ್ಪಿಗೆಯಿದೆ ಎಂದು ಅವನು ಶುಕ್ರವಾರವೇ ಟ್ರಸ್ಟ್ ಕಚೇರಿಗೆ ತಿಳಿಸಿಬಿಟ್ಟಿದ್ದನಂತೆ. ಆ ಕೋಣೆಯಲ್ಲಿ ಹೆದರದವರು ಯಾರೂ ಇರಲಿಲ್ಲ; ಅವನೂ ಹೆದರಿದ್ದ, ಪ್ರಿನ್ಸಿಪಾಲರೂ ಹೆದರಿದ್ದರು, ನಾನೂ ಹೆದರಿದ್ದೆ. ಕೊನೆಗೆ ಆ ಹಾಳೆ ಫೈಲಿನೊಳಗೆ ವಾಪಸ್ಸು ಹೋಯಿತು.

ದಮಯಂತಿಗೆ ಮೆಮೊ ಸಿಕ್ಕಿತು. ಆ ವರ್ಷದ ಇನ್‌ಕ್ರಿಮೆಂಟು ಹೋಯಿತು. ಇನ್ನು ಮುಂದೆ ಸೂಚನೆಗಳೆಲ್ಲ ಟ್ರಸ್ಟ್ ಕಚೇರಿಯಿಂದ ಮೊಬೈಲ್ ಆ್ಯಪಿನಲ್ಲೇ ಬರುತ್ತವೆ, ಮೈಕು ಬೇಡ ಎಂದಾಯಿತು.

ಮರುದಿನ ನಾನು ಅವಳ ಮೇಜಿನ ಬಳಿ ಕೂತಿದ್ದಾಗ ಹುಲಗಪ್ಪ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸ್ಕ್ರೂಡ್ರೈವರು. ಕಾಯಂ ಆದ ಮೇಲೆ ಅವನಿಗೆ ಒಪ್ಪಿಸಿದ ಮೊದಲ ಕೆಲಸ ಅದು.

"ಅಕ್ಕಾರ, ಈ ಮೈಕ್ ಬಿಚ್ಚಿ ಸ್ಟೋರ್ ರೂಮಿನ್ಯಾಗ ಇಡು ಅಂದಾರ್ರಿ. ಏನಾಗೇತ್ರಿ ಇದಕ್ಕ?"

"ಹಾಳಾಗಿದೆ ಹುಲಗಪ್ಪ," ಎಂದಳು. "ಅಮ್ಮನ ಕಣ್ಣು ಹೇಗುಂಟು?"

"ಪಟ್ಟಿ ಬಿಚ್ಚ್ಯಾರ್ರಿ. ನನ್ನ ಮಾರಿ ನೋಡಿ, ಎಷ್ಟ ಸೊರಗಿದ್ಯೋ ಮಗನ ಅಂದ್ಳ್ರಿ." ಅವನು ನಗುತ್ತಾ ಸ್ಕ್ರೂ ಬಿಚ್ಚಿ, ವೈರನ್ನು ಮೊಣಕೈಗೆ ಸುತ್ತತೊಡಗಿದ. "ಹೊಸಾದು ತರಸ್ತಾರ ಬಿಡ್ರಿ ಅಕ್ಕಾರ. ನೀವ ಇಲ್ದ ಇಲ್ಲಿ ಯಾರ ಹೇಳವ್ರು?"

ನನಗೆ ಮೈಯೆಲ್ಲ ಉರಿಯಿತು. ಲೇ, ನೀನು ಯಾರ ಮೈಕು ಹೊತ್ತುಕೊಂಡು ಹೋಗುತ್ತಿದ್ದೀಯ ಗೊತ್ತೇನೋ ಎಂದು ಹೇಳಿಯೇಬಿಡಲು ಎದ್ದೆ. ದಮಯಂತಿ ಮೇಜಿನ ಕೆಳಗಿನಿಂದ ನನ್ನ ಕೈ ಹಿಡಿದು ಕೂರಿಸಿದಳು. ಅವನು ಬಾಗಿಲು ದಾಟುವವರೆಗೂ ಬಿಡಲಿಲ್ಲ. ಅವಳ ಕೈ ಇನ್ನೂ ತಣ್ಣಗಿತ್ತು.

"ಹೇಳ್ಬೇಡಿ ಮೇಡಂ," ಎಂದಳು. "ಅವನು ಈಗಷ್ಟೇ ಹೆದರುದು ನಿಲ್ಸಿದ್ದಾನೆ."